ಅಕ್ಕನ ದನಿಯಲ್ಲಿ ನಾನು ಕೇಳಿದ ವಿಳಾಸ

ನನಗೆ ಬರುವುದು ಒಂದೇ ವಿದ್ಯೆ: ಬೇರೆಯವರ ದನಿ. ನಮ್ಮ ವಸತಿ ಸೊಸೈಟಿಯ ಸೆಕ್ರೆಟರಿ ಕೆಮ್ಮಿಯೇ ಮಾತು ಶುರುಮಾಡುವುದು, ಅಪ್ಪ ಮೂವತ್ತು ವರ್ಷ ಪುಣೆಯಲ್ಲಿದ್ದೂ ತರಕಾರಿಯವನೊಡನೆ ಧಾರವಾಡದ ಧಾಟಿಯ ಮರಾಠಿಯಲ್ಲಿ ಜಗಳವಾಡುವುದು, ಎಲ್ಲವನ್ನೂ ಮಾಡಿ ತೋರಿಸುತ್ತೇನೆ. ನನ್ನ ಸ್ವಂತ ದನಿ ನೆಗಡಿಯಾದ ಬಾತುಕೋಳಿಯದು. ಅದನ್ನು ಹೆಚ್ಚು ಬಳಸುವುದಿಲ್ಲ.

ಕೆಲ ವರ್ಷಗಳ ಹಿಂದೆ ನಾನು ಪುಣೆಯ ಖರಾಡಿಯ ಒಂದು ಕಾಲ್ ಸೆಂಟರಿನಲ್ಲಿದ್ದೆ. ಫೋನ್ ಮಾಡಿದವರು ನಿಜವಾದ ಗ್ರಾಹಕರೇ ಎಂದು ತಿಳಿಯಲು ನಾವು ಕೇಳುತ್ತಿದ್ದದ್ದು ಮೂರೇ: ಹೆಸರು, ಮೊಬೈಲ್ ನಂಬರು, ಹುಟ್ಟಿದ ದಿನ. ಮದುವೆಮನೆಯಲ್ಲಿ ಯಾವ ಅತ್ತೆಯನ್ನು ಕೇಳಿದರೂ ಸಿಗುವ ಉತ್ತರಗಳು.

ಆ ಸಂಕ್ರಾಂತಿಗೆ ಅಕ್ಕ, ಭಾವ, ಭಾವನ ತಂಗಿ ನಮ್ಮ ಮನೆಗೆ ಬಂದಿದ್ದರು. ಊಟವಾದ ಮೇಲೆ ಎಂದಿನಂತೆ ನನ್ನ ಆಟ. ‘ಇವತ್ತ ಅಕ್ಕನ್ನ ಮಾಡ್ತೀನಿ ನೋಡ್ರಿ’ ಎಂದು, ಅವಳು ತಿಂಗಳಿಗೊಮ್ಮೆ ಥೈರಾಯ್ಡ್ ಮಾತ್ರೆ ತರಿಸುವ ಆನ್‌ಲೈನ್ ಔಷಧಿ ಅಂಗಡಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದೆ. ಅಕ್ಕನ ದನಿ, ಅಕ್ಕನ ಹಿಂದಿ, ಮಾತಿನ ಕೊನೆಗೆ ಅವಳು ಎಳೆಯುವ ಆ ರಾಗ. ಅಲ್ಲೂ ಅದೇ ಮೂರು ಪ್ರಶ್ನೆ; ಮೂರಕ್ಕೂ ಉತ್ತರ ಕೊಟ್ಟೆ. ಆಮೇಲೆ ಬೇಕೆಂದೇ ತಪ್ಪು ವಿಳಾಸ ಹೇಳಿ, ಅಲ್ಲಿಗೇ ಬರುತ್ತದಲ್ಲವೇ ಎಂದೆ. ಆ ಕಡೆಯ ಹುಡುಗಿ, ಪಾಪ, ‘ಇಲ್ಲ ಮೇಡಂ’ ಎಂದು ಸರಿಯಾದದ್ದನ್ನು ಫ್ಲ್ಯಾಟ್ ನಂಬರಿನ ಸಮೇತ ಓದಿ ಹೇಳಿದಳು.

ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನು ಮಾಸ್ತರನಾದೆ. ‘ಅಡ್ರೆಸ್ ಕೇಳಬಾರದ್ರಿ, ಡೌಟ್ ಬರ್ತದ. ತಪ್ಪು ಹೇಳಬೇಕು. ಇನ್ನೊಬ್ರ ತಪ್ಪು ತಿದ್ದೂದಂದ್ರ ಎಲ್ಲಾರಿಗೂ ಭಾಳ ಖುಷಿ.’

‘ಭಾರಿ ಅದಪಾ ಇದು! ಇನ್ನೊಮ್ಮೆ ಹೇಳು’ ಎಂದರು ಭಾವ. ಇನ್ನೊಮ್ಮೆ ಹೇಳಿದೆ.

ಅಕ್ಕ ನಗಲಿಲ್ಲ. ‘ನನ್ನ ಮನಿ ಇಷ್ಟು ಸಸಾರ ಸಿಗ್ತದೇನೋ, ತಮ್ಮಾ?’ ಎಂದಳು. ಆ ಮಾತನ್ನೂ ಅವಳ ದನಿಯಲ್ಲೇ ಆಡಿ ತೋರಿಸಿದೆ. ಮತ್ತೆ ನಗು. ಅವಳ ತೋಳಿನ ಮೇಲಿನ ಹಸಿರುಗಟ್ಟಿದ ಕಲೆ ಬಾಗಿಲು ಬಡಿದು ಆದದ್ದೆಂದು ಆಗ ಎಲ್ಲರೂ ನಂಬಿದ್ದೆವು.

ಮರುವರ್ಷ ಅಕ್ಕ ಗಂಡನನ್ನು ಬಿಟ್ಟು ಬಂದು ಊರಿನ ಇನ್ನೊಂದು ತುದಿಯ ನಿಗಡಿಯಲ್ಲಿ ಒಂದು ಕೋಣೆ ಹಿಡಿದಳು. ವಿಳಾಸ ಅಪ್ಪ, ಅವ್ವ, ನನಗೆ ಮಾತ್ರ ಗೊತ್ತು. ಆಫೀಸಿಗೆ ಹೋಗುವ ದಾರಿ ಬದಲಿಸಿದಳು, ಫೋಟೊಗಳನ್ನು ತೆಗೆದುಹಾಕಿದಳು. ಮೊಬೈಲ್ ನಂಬರು ಬದಲಿಸಲಾಗಲಿಲ್ಲ. ಬ್ಯಾಂಕು, ಆಧಾರ್, ಆಫೀಸು ಎಲ್ಲವೂ ಅದಕ್ಕೇ ಜೋತುಬಿದ್ದಿದ್ದವು. ಮಾತ್ರೆಯನ್ನೂ ಬಿಡುವಂತಿರಲಿಲ್ಲ. ಅಂಗಡಿಯ ಖಾತೆಯಲ್ಲಿ ಹೊಸ ವಿಳಾಸ ಹಾಕಿದಳು.

ಒಂದು ಬೆಳಿಗ್ಗೆ ಬಾಗಿಲು ಬಡಿದ ಸದ್ದಾಯಿತು. ಮಾತ್ರೆ ಬಂತೆಂದು ತೆಗೆದಳು. ಭಾವ ನಿಂತಿದ್ದ. ಪಕ್ಕದವರು ಬಂದು ಬಿಡಿಸುವಷ್ಟರಲ್ಲಿ ಅವಳ ಎಡಗೈ ಮುರಿದಿತ್ತು.

ಠಾಣೆಯಲ್ಲಿ ಅವನು ಮುಚ್ಚಿಡಲೂ ಇಲ್ಲ. ತಂಗಿಯಿಂದ ಆ ಅಂಗಡಿಗೆ ಫೋನ್ ಮಾಡಿಸಿ, ತಪ್ಪು ವಿಳಾಸ ಹೇಳಿಸಿದ್ದ. ‘ಇವನಽ ಕಲಿಸಿದ್ದರೀ ಸಾಹೇಬ್ರ’ ಎಂದು ಮರಾಠಿಯ ಪೊಲೀಸನೆದುರು ಕನ್ನಡದಲ್ಲೇ ನನ್ನ ಕಡೆ ಕೈ ತೋರಿಸಿದ. ಅವನ ತಂಗಿಗೆ ಮಿಮಿಕ್ರಿ ಬರುವುದಿಲ್ಲ. ಬೇಕಾಗಿಯೂ ಇರಲಿಲ್ಲ; ಯಾವುದೋ ಒಂದು ಹೆಣ್ಣುದನಿ ಸಾಕಿತ್ತು. ಅಷ್ಟು ಕಷ್ಟಪಟ್ಟು ಕಲಿತ ಆ ರಾಗ ದಂಡ.

ಅಂಗಡಿಗೆ ದೂರು ಬರೆದೆವು. ಗುರುತಿನ ಪರಿಶೀಲನೆ ನಿಯಮದಂತೆಯೇ ನಡೆದಿದೆ, ತಮಗಾದ ತೊಂದರೆಗೆ ವಿಷಾದಿಸುತ್ತೇವೆ ಎಂದು ಉತ್ತರ ಬಂತು. ಆ ಸಾಲನ್ನು ನಾನೇ ದಿನಕ್ಕೆ ಹತ್ತು ಸಲ ಕಳಿಸುತ್ತಿದ್ದವನು.

ಅಕ್ಕ ಮತ್ತೆ ಮನೆ ಬದಲಿಸಿದಳು. ಈ ಸಲ ನಮಗ್ಯಾರಿಗೂ ವಿಳಾಸ ಹೇಳಲಿಲ್ಲ. ಭಾನುವಾರ ಅವಳೇ ಅವ್ವನಿಗೆ ಫೋನ್ ಮಾಡುತ್ತಾಳೆ. ಎಲ್ಲಿದ್ದೀ ಎಂದರೆ ‘ಆರಾಮ ಇದ್ದೀನಿ’ ಎನ್ನುತ್ತಾಳೆ. ನನ್ನ ಕೈಗೆ ಫೋನ್ ಬರುವಷ್ಟರಲ್ಲಿ ಇಟ್ಟಿರುತ್ತಾಳೆ.

ಹೋದ ಭಾನುವಾರ ಅವಳು ಫೋನ್ ಮಾಡಲಿಲ್ಲ. ನಾವು ಮಾಡಿದರೆ ಎತ್ತಲಿಲ್ಲ. ಸಂಜೆ ಅವ್ವ ನನ್ನೆದುರು ಬಂದು ನಿಂತಳು.

‘ಆ ಮಾತ್ರಿ ಅಂಗಡಿಗೆ ಹಚ್ಚೋ, ಇನ್ನೂ ಅಲ್ಲಿಂದಽ ತರಸ್ತಿರಬೇಕು. ಅಕಿ ದನಿ ಮಾಡು. ಎಲ್ಲಿದ್ದಾಳಂತ ಅಷ್ಟ ತಿಳಕೊಂಡ್ರ ಸಾಕು.’

ಮೂರು ಉತ್ತರವೂ ನನಗೆ ಬಾಯಿಪಾಠ. ‘ಬ್ಯಾಡವ್ವಾ’ ಎಂದೆ, ನನ್ನದೇ ಬಾತುಕೋಳಿ ದನಿಯಲ್ಲಿ. ಅವ್ವ ಫೋನನ್ನು ನನ್ನ ಮುಂದಿಟ್ಟು ಅಲ್ಲೇ ಕೂತಳು.