ಮೈದುನನ ಫೋನಿಗೆ ಹೋದ ಓಟಿಪಿ

ಹುಣಸೂರಿನಲ್ಲಿ ನಾನೊಬ್ಬಳೇ ವೆಬ್‌ಸೈಟ್ ಮಾಡಿಕೊಡುವ ಕೆಲಸ ಹಿಡಿದು ಆಗ ಆರನೇ ವರ್ಷ. ಮೆಡಿಕಲ್ ಸ್ಟೋರಿನ ಮೇಲಿನ ಕೋಣೆಯೇ ಆಫೀಸು. ಸರಿಯೋ ತಪ್ಪೋ ಎಂದು ಕೇಳಲು ಪಕ್ಕದಲ್ಲಿ ಯಾರೂ ಇರಲಿಲ್ಲ. ಊರಿನ ಒಂದು ರಕ್ತಪರೀಕ್ಷೆಯ ಲ್ಯಾಬ್‌ನವರು ರಿಪೋರ್ಟುಗಳನ್ನು ವೆಬ್‌ಸೈಟಿನಲ್ಲೇ ಕೊಡಬೇಕೆಂದು ನನ್ನನ್ನು ಕರೆಸಿದರು. ಪಿರಿಯಾಪಟ್ಟಣ, ಹ್ಯಾಂಡ್‌ಪೋಸ್ಟ್ ಕಡೆಯವರು ಬರೀ ರಿಪೋರ್ಟಿಗಾಗಿ ಮತ್ತೊಮ್ಮೆ ಬಸ್ಸು ಹತ್ತಿ ಬರುತ್ತಿದ್ದರು.

ಬಿಲ್ ನಂಬರ್ ಹಾಕಿದರೆ ರಿಪೋರ್ಟ್ ತೆರೆಯಲಿ ಎಂದರು ಮಾಲೀಕರು. ನಾನು ಒಪ್ಪಲಿಲ್ಲ. ಬಿಲ್ ನಂಬರ್ ಸಾಲಾಗಿ ಬರುತ್ತದೆ. ಒಂದಂಕಿ ಬದಲಿಸಿದರೆ ಬೇರೆಯವರ ಕಾಯಿಲೆ ಕಾಣುತ್ತದೆ. ಪಾಸ್‌ವರ್ಡ್ ಜನ ಮರೆಯುತ್ತಾರೆ. ಕೊನೆಗೆ ಓಟಿಪಿ ಗೊತ್ತುಮಾಡಿದೆ. ರಿಪೋರ್ಟ್ ಬಂತೆಂಬ ಸುದ್ದಿ ಗಿರಾಕಿ ಕೌಂಟರಿನಲ್ಲಿ ಕೊಟ್ಟ ಮೊಬೈಲಿಗೆ ಹೋಗುತ್ತದೆ. ತೆರೆಯಲು ಅದೇ ಮೊಬೈಲಿಗೆ ಆರಂಕಿಯ ಗುಟ್ಟಿನ ಸಂಖ್ಯೆ ಬರುತ್ತದೆ, ಐದು ನಿಮಿಷ ಕಳೆದರೆ ಅದು ನಡೆಯುವುದಿಲ್ಲ. ಇದಕ್ಕಿಂತ ಭದ್ರ ಏನಿದೆ ಎಂದು ಹೆಮ್ಮೆಪಟ್ಟಿದ್ದೆ.

ಎರಡು ತಿಂಗಳ ಮೇಲೆ ಮಾಲೀಕರ ಫೋನು: "ಮೇಡಂ, ನಿಮ್ ವೆಬ್‌ಸೈಟಿಂದ ರಿಪೋರ್ಟ್ ಹೊರಗೋಗಿದೆ ಅಂತ ಒಬ್ರು ಬಂದ್ ಕೂತವ್ರೆ."

ಬೆಂಚಿನ ಮೇಲೆ ಕಟ್ಟೆಮಳಲವಾಡಿಯ ಹೆಣ್ಣುಮಗಳು. ಸವಿತಾ ಎನ್ನೋಣ. ಮದುವೆಯಾಗಿ ಏಳು ವರ್ಷ, ಮಕ್ಕಳಿಲ್ಲ. ಅದಕ್ಕೇ ಪರೀಕ್ಷೆ ಮಾಡಿಸಿದ್ದಳು. ಮಕ್ಕಳಾಗುವುದು ಕಷ್ಟ ಎಂಬ ಟಿಪ್ಪಣಿ ರಿಪೋರ್ಟಿನ ಕೊನೆಯಲ್ಲಿತ್ತು. ಯಾರು ಯಾವಾಗ ತೆರೆದರೆಂಬ ದಾಖಲೆ ನೋಡಿದೆ. ಮೊದಲ ಸಲಕ್ಕೇ ಸರಿಯಾದ ಓಟಿಪಿ. ಕಳ್ಳದಾರಿಯಲ್ಲಿ ಯಾರೂ ಒಳಗೆ ಬಂದಿರಲಿಲ್ಲ.

"ಈ ನಂಬರ್ ನಿಮ್ಮದೇ ಅಲ್ವೇನಮ್ಮ?"

"ನಮ್ ಮೈದುನಂದು ಕಣಕ್ಕ. ನಂಗೆಲ್ಲೈತೆ ಪೋನು? ಕೌಂಟ್ರಲ್ಲಿ ನಂಬರ್ ಕೇಳುದ್ರು, ಬಾಯಿಗ್ ಬರೋದು ಅದೊಂದೇ. ಅವ್ನು ನೋಡಿ ಎಲ್ರಿಗೂ ಹೇಳವ್ನೆ. ನೀರಿಗೋದಾಗ ಪಕ್ಕದ್ಮನೆಯವ್ಳು, ಬೇಜಾರ್ ಮಾಡ್ಕಬೇಡ ಕಣೆ ಅಂದ್ಲು. ಯಾತಕ್ಕೆ ಅಂತ ನಂಗೇ ಗೊತ್ತಿರ್ಲಿಲ್ಲ."

"ಹಂಗಾದ್ರೆ ನಮ್ ತಪ್ಪಿಲ್ಲ ಬುಡಿ," ಎಂದರು ಮಾಲೀಕರು, ಹಗುರಾಗಿ.

"ತಪ್ಪು ನಂದು ಸಾರ್," ಎಂದೆ. ಅವರು ಆಗಲೇ ಒಳಗೆ ಹೋಗಿದ್ದರು. ಸವಿತಾ ಸೆರಗು ಸರಿಮಾಡಿಕೊಂಡು ಎದ್ದು, ಬಸ್ಸಿಗೆ ಹೊತ್ತಾಯಿತೆಂದು ಹೊರಟಳು.

ಮೂರು ದಿನ ಆ ಕೌಂಟರಿನ ಪಕ್ಕ ಕೂತೆ. ಗಂಡನ ನಂಬರು, ಭಾವನ ನಂಬರು, ಎದುರುಮನೆಯ ನಂಬರು ಹೇಳುವ ಹೆಂಗಸರನ್ನು ಎಣಿಸುವುದನ್ನೇ ಬಿಟ್ಟೆ. ಹೊಸ ಏರ್ಪಾಡು ಬರೆದೆ. ಈ ಫೋನ್ ಯಾರ ಕೈಲಿರುತ್ತೆ ಎಂದು ಪರೀಕ್ಷೆಗೆ ಬಂದವರನ್ನು ಒಬ್ಬರನ್ನೇ ಪಕ್ಕಕ್ಕೆ ಕರೆದು ಕೇಳಬೇಕು. ಓಟಿಪಿಯ ಜೊತೆಗೆ ಅವರೇ ಆರಿಸಿಕೊಂಡ ನಾಲ್ಕಂಕಿಯ ಪಿನ್ ಬೇಕು. ಬೇಡವೆಂದವರ ರಿಪೋರ್ಟ್ ವೆಬ್‌ಸೈಟಿಗೆ ಹೋಗಲೇಬಾರದು, ಕೈಗೇ ಕೊಡಬೇಕು. ಮಾಲೀಕರು ಗೊಣಗಿದರು, ಕೊನೆಗೆ ಒಪ್ಪಿದರು.

ಸವಿತಾಗೆ ತಿಳಿಸಬೇಕೆನಿಸಿ ಫೋನ್ ಕೈಗೆತ್ತಿಕೊಂಡೆ. ನನ್ನ ಬಳಿ ಇದ್ದದ್ದು ಮೈದುನನ ನಂಬರ್ ಮಾತ್ರ. ಕೆಳಗಿಟ್ಟೆ. ಅವಳು ಮತ್ತೆ ಆ ಲ್ಯಾಬಿಗೆ ಬರಲಿಲ್ಲ.

ಓಟಿಪಿ ಹೇಳುವುದು ಫೋನ್ ಯಾರ ಕೈಲಿದೆ ಎಂಬುದನ್ನಷ್ಟೇ. ಆ ರಿಪೋರ್ಟ್ ಯಾರದೆಂದು ಅದಕ್ಕೆ ಗೊತ್ತಿಲ್ಲ. ಅದನ್ನು ತಿಳಿಯಬೇಕಾದವಳು ನಾನು. ಈಗ ಯಾರು ಲಾಗಿನ್ ಮಾಡಿಕೊಡಿ ಎಂದು ಬಂದರೂ, ಮೊದಲು ಒಂದು ದಿನ ಅವರ ಗಿರಾಕಿಗಳ ನಡುವೆ ಹೋಗಿ ಕೂರುತ್ತೇನೆ.