ಗಿರಣಿ ಮುಂದಿನ ಪಾಳಿ

ತೊಡೆಯ ಮೇಲಿನ ಡಬ್ಬಿ ಇನ್ನೂ ಬೆಚ್ಚಗಿದೆ. ಅಫಜಲಪುರದಿಂದ ಜೇವರ್ಗಿಗೆ ಹೊರಟ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿದೆ. ಡಬ್ಬಿಯಲ್ಲಿರುವುದು ಅರ್ಧ ಗಂಟೆಯ ಹಿಂದೆ ಬೀಸಿದ ಜೋಳದ ಹಿಟ್ಟು. ಹೊಸ ಹಿಟ್ಟಿನ ವಾಸನೆ ನಿಮಗೂ ಗೊತ್ತಿರಬಹುದು; ಮುಚ್ಚಳ ಎಷ್ಟೇ ಒತ್ತಿದರೂ ಅದು ಹೊರಗೆ ಬಂದೇ ಬರುತ್ತದೆ. ಪಕ್ಕದಲ್ಲಿ ಕುಳಿತ ಹಿರಿಯರು ಎರಡು ಸಲ ಡಬ್ಬಿಯನ್ನೂ ಒಂದು ಸಲ ನನ್ನನ್ನೂ ನೋಡಿ, "ಮನಿ ಜೋಳೇನ್ರಿ?" ಎಂದು ಕೇಳಿದರು. ಹೌದೆಂದೆ. ಜೇವರ್ಗಿಯಲ್ಲಿರುವ ನನ್ನ ತಂಗಿಗೆ ಅಲ್ಲಿಯ ಹಿಟ್ಟಿನಿಂದ ರೊಟ್ಟಿ ಬಡಿದರೆ ಅಂಚು ಒಡೆಯುತ್ತದಂತೆ. ಈ ಮಾತಿಗೆ ಆಕೆ ಇದುವರೆಗೆ ಯಾವ ಪುರಾವೆಯನ್ನೂ ಕೊಟ್ಟಿಲ್ಲ. ಆದರೂ ಡಬ್ಬಿ ಹೊತ್ತು ಹೊರಟಿದ್ದೇನೆ.

ಡಬ್ಬಿಯ ಹಿಡಿಕೆಗೆ ಹಳೆಯ ಸೀರೆಯ ಒಂದು ಕೆಂಪು ಚೂರು ಕಟ್ಟಿದೆ. ಕಟ್ಟಿದವಳು ಗಿರಣಿಯ ಜಗದೇವಕ್ಕ. ಕಟ್ಟುತ್ತ ಆಕೆ, "ಈ ಸಲರೆ ಬಿಚ್ಚಬ್ಯಾಡಪಾ ಮತ್ತ," ಎಂದಳು. ಮೆಟ್ಟಿಲ ಮೇಲೆ ಕುಳಿತಿದ್ದ ಮೂವರು ಹೆಂಗಸರು ಬಾಯಿಗೆ ಸೆರಗು ಹಿಡಿದು ನಕ್ಕರು. ನಾನೂ ನಕ್ಕೆ. ಅರ್ಥವಾಗದ ನಗುವಿಗೆ ಜೊತೆಗೂಡುವುದು ನನ್ನ ಸ್ವಭಾವವಲ್ಲ. "ಯಾವ ಆಧಾರದ ಮೇಲೆ ನಗುತ್ತಿದ್ದೀರಿ?" ಎಂದು ಕೇಳುವವನು ನಾನು. ಆದರೆ ಬಸ್ಸಿಗೆ ತಡವಾಗಿತ್ತು.

ಇಲ್ಲಿ ನನ್ನ ಪರಿಚಯ ಸ್ವಲ್ಪ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದೆ ನನ್ನ ಪರ ವಹಿಸಿಬಿಟ್ಟೀರಿ. ಕಾಲೇಜಿನಲ್ಲಿ ಮೂರು ವರ್ಷ ಚರ್ಚಾ ಸ್ಪರ್ಧೆಗೆ ಹೋದವನು ನಾನು. ಚೀಟಿಯಲ್ಲಿ ಪರ ಬಂದರೆ ಪರ, ವಿರೋಧ ಬಂದರೆ ವಿರೋಧ. ಎರಡಕ್ಕೂ ಅಷ್ಟೇ ಪ್ರಾಮಾಣಿಕತೆಯಿಂದ ಮೇಜು ಕುಟ್ಟುತ್ತಿದ್ದೆ. ಗೆದ್ದ ಢಾಲೊಂದು ಮನೆಯಲ್ಲಿದೆ, ಅವ್ವ ಅದರ ಹಿಂದೆ ಕರೆಂಟ್ ಬಿಲ್ಲು ಸಿಕ್ಕಿಸುತ್ತಾಳೆ. ಓದು ಮುಗಿದ ಮೇಲೆ ವಾದಕ್ಕೆ ಗಿರಾಕಿ ಇಲ್ಲದೆ ಫೋನು ಹಿಡಿದೆ. ಅಂಗಡಿಗಳಿಗೆ, ಗೆಳೆಯರಿಗೆ, ಸಂಘಗಳಿಗೆ ಅರ್ಧ ನಿಮಿಷದ ವಿಡಿಯೋ ಮಾಡಿಕೊಡುವ ಕೆಲಸ. ಯಡ್ರಾಮಿಯ ಹುಡುಗರ ವಾಲಿಬಾಲ್ ತಂಡ, ಗೆಳೆಯನ ನಿಶ್ಚಿತಾರ್ಥ, ಜೇವರ್ಗಿಯ ಬುದ್ಧವಿಹಾರದ ಯುವಕರು ನಡೆಸುವ ಸಂಜೆ ಪಾಠ, ಏನು ಬಂದರೂ ಸರಿ.

ಈ ಕೆಲಸದಲ್ಲೂ ಹಳೆಯ ಚಾಳಿ ಬಿಡಲಿಲ್ಲ. ಆಳಂದದಲ್ಲಿ ಬಣ್ಣದ ಮೀನು ಮಾರುವವರೊಬ್ಬರು, "ತಾಲೂಕಿಗೆ ನಂಬರ್ ಒನ್ ಅಂತ ಹಾಕ್ರಿ," ಎಂದರು.

"ಯಾರು ಎಣಿಸ್ಯಾರ್ರಿ?" ಎಂದೆ.

"ಎಣಿಸೂದ್ಯಾಕ? ನಂದೊಂದೇ ಅಂಗಡಿ ಅದ."

ಅವರ ತರ್ಕದಲ್ಲಿ ಬಿರುಕು ಹುಡುಕಿ ಹುಡುಕಿ ಸಾಕಾಗಿ, ನಂಬರ್ ಒನ್ ಎಂದೇ ಹಾಕಿಕೊಟ್ಟೆ.

ಜಗದೇವಕ್ಕ ನನ್ನನ್ನು ಕರೆದದ್ದು ಎರಡು ವರ್ಷದ ಹಿಂದೆ. ನಮ್ಮ ಓಣಿಯ ಗಿರಣಿ ಆಕೆಯ ಮಾವನದು. ಅವರ ಕೈ ನಡುಗತೊಡಗಿದ ಮೇಲೆ ಗಿರಣಿ ಕೆಲವು ತಿಂಗಳು ಮುಚ್ಚಿತ್ತು. ಸೊಸೆ ಬಾಗಿಲು ತೆರೆದು ತಾನೇ ಮಷಿನ್ನಿನ ಮುಂದೆ ನಿಂತಾಗ ಓಣಿಯಲ್ಲಿ ಮಾತಾಯಿತು: ಹೆಣ್ಣುಮಗಳು, ಎಷ್ಟು ದಿನ ನಡೆಸುತ್ತಾಳೆ? ಮಾವನ ಕಾಲದಲ್ಲಿ ದೊಡ್ಡ ಮನೆಯ ಡಬ್ಬಿ ಬಂದರೆ ಉಳಿದವು ಹಿಂದೆ ಸರಿಯುತ್ತಿದ್ದವು. ಜಗದೇವಕ್ಕ ಮೊದಲ ದಿನವೇ, "ನನ್ನ ಗಿರಣ್ಯಾಗ ಪಾಳಿ ಅಂದ್ರ ಪಾಳಿ," ಎಂದು ಎಲ್ಲರೆದುರು ಹೇಳಿದ್ದಳು. ಬಜಾರಿನಲ್ಲಿ ಇನ್ನೊಂದು ದೊಡ್ಡ ಗಿರಣಿ ಇತ್ತು. ಆಕೆಯ ಹತ್ತಿರ ಅದಕ್ಕಿಂತ ಹೆಚ್ಚಿಗೆ ಇದ್ದದ್ದು ಆ ಒಂದು ಮಾತು ಮಾತ್ರ.

ಗಿರಣಿ ಮುಂದೆ ಜನ ಪಾಳಿ ಹಚ್ಚುವುದಿಲ್ಲ, ಡಬ್ಬಿಗಳು ಹಚ್ಚುತ್ತವೆ. ನೀವು ಡಬ್ಬಿ ಇಟ್ಟು ಸಂತೆಗೆ ಹೋಗಿ, ದವಾಖಾನೆಗೆ ಹೋಗಿ, ನೆಂಟರ ಮನೆಯಲ್ಲಿ ಚಹಾ ಕುಡಿದು ಬನ್ನಿ. ನಿಮ್ಮ ಬದಲು ಡಬ್ಬಿ ಕಟ್ಟೆಯ ಮೇಲೆ ನಿಂತಿರುತ್ತದೆ. ಒಂದು ಬೀಸಿದರೆ ಉಳಿದವು ಒಂದೊಂದು ಹೆಜ್ಜೆ ಮುಂದೆ. ಇದು ನನಗೆ ಗೊತ್ತಿರಲಿಲ್ಲವೇ? ಹುಟ್ಟಿದಾಗಿನಿಂದ ಗೊತ್ತು. ಆದರೆ ಕೈಯಲ್ಲಿ ಕ್ಯಾಮೆರಾ ಇದ್ದಾಗ ಮನುಷ್ಯನಿಗೆ ಗೊತ್ತಿರುವುದು ಕಾಣಿಸುವುದಿಲ್ಲ, ಕಾಣಿಸುವುದಷ್ಟೇ ಗೊತ್ತಾಗುತ್ತದೆ. ನನಗೆ ಆ ದಿನ ಕಂಡದ್ದು ಏಳು ಡಬ್ಬಿಗಳು: ಉದ್ದ, ಗಿಡ್ಡ, ಒಂದು ಹೊಳೆಯುವ ಸ್ಟೀಲಿನದು, ಒಂದು ನೆಗ್ಗಿದ ಎಣ್ಣೆಯ ತಗಡಿನದು. ಅಂದಗೇಡಿ ಸಾಲು. ಮೊದಲು ಇದ್ದ ಹಾಗೆ ಹನ್ನೊಂದು ಸೆಕೆಂಡು ಚಿತ್ರೀಕರಿಸಿದೆ. ಮನಸ್ಸಿಗೆ ಬರಲಿಲ್ಲ. ಕಸಬರಿಗೆ ತೆಗೆದಿಟ್ಟೆ, ಯಾರದೋ ಚಪ್ಪಲಿ ಸರಿಸಿದೆ, ಅಡ್ಡ ಬಂದ ಚಿಂದಿ ಚೂರುಗಳನ್ನು ಆಚೆ ಎಸೆದೆ. ಆಮೇಲೆ ಡಬ್ಬಿಗಳನ್ನು ಎತ್ತರಕ್ಕೆ ತಕ್ಕಂತೆ ಜೋಡಿಸಿದೆ, ಶಾಲೆಯ ಡ್ರಿಲ್ಲಿನ ಹಾಗೆ. ನೆಗ್ಗಿದ ತಗಡಿನ ಡಬ್ಬಿಯನ್ನು ಎಲ್ಲಕ್ಕಿಂತ ಹಿಂದೆ, ಗೋಡೆಯ ನೆರಳಿಗೆ ತಳ್ಳಿದೆ.

ಒಳಗೆ ಜಗದೇವಕ್ಕ ಹಿಟ್ಟಿನ ಮೋಡದಲ್ಲಿ ನಿಂತು, ಮುಖ ತಿರುಗಿಸದೆ ಕೈ ಚಾಚಿ, ಮುಂದಿದ್ದ ಡಬ್ಬಿಯನ್ನು ಎಳೆದುಕೊಂಡು ಬೀಸುತ್ತಿದ್ದಳು. ಆ ವಾರ ಲೈನಿನ ದುರಸ್ತಿ ನಡೆದಿತ್ತು. ಮಧ್ಯಾಹ್ನ ಹನ್ನೆರಡಕ್ಕೆ ಕರೆಂಟು ಹೋದರೆ ಸಂಜೆಯವರೆಗೆ ಇಲ್ಲ.

ಹನ್ನೊಂದೂಮುಕ್ಕಾಲಿಗೆ ನೀಲಮ್ಮ ಆಯಿ ಬಂದಳು. ಸೊನ್ನದಿಂದ ಸಂತೆಗೆ ಬದನೆಕಾಯಿ ತರುವ ಮುದುಕಿ. ಬುಟ್ಟಿ ಖಾಲಿಯಾದ ಮೇಲೆ ಹಿಟ್ಟು ತೆಗೆದುಕೊಂಡು ಬಸ್ಸು ಹತ್ತುವುದು ರೂಢಿ. ಬಂದವಳೇ ಗೋಡೆಯ ನೆರಳಿನಲ್ಲಿದ್ದ ತನ್ನ ತಗಡಿನ ಡಬ್ಬಿ ಕಂಡಳು.

"ಯಾಕಪಾ, ನನ್ನ ಡಬ್ಬಿ ಕಡೀಕ್ಯಾಕ ಹೋತು? ಬಸ್ ಹೊಂಟದ ನಂದು!"

"ನಾ ಸರಿಸೇನಿ ಆಯಿ, ವಿಡಿಯೋ ಸಲುವಾಗಿ. ಆದ್ರ ನಿಮ್ಮದು ಮೊದಲೂ ಹಿಂದೇ ಇತ್ತು. ಐದನೇದು."

"ಹಿಂದಿದ್ರೇನಾತು? ಪಾಳಿ ನಂದ."

ಇದನ್ನು ಕೇಳಿ ನನ್ನೊಳಗಿನ ಢಾಲು ಮಿಂಚಿತು. ಹಿಂದಿದ್ದರೂ ಪಾಳಿ ನನ್ನದು! ಎದುರಾಳಿ ತಾನಾಗಿಯೇ ಇಷ್ಟು ಚೆಂದದ ವಿರೋಧಾಭಾಸವನ್ನು ಕೈಗಿಟ್ಟದ್ದು ಮೂರು ವರ್ಷದಲ್ಲಿ ಒಮ್ಮೆಯೂ ಇಲ್ಲ.

"ಹಿಂದಿರೂದು ಮೊದಲ ಹೆಂಗಾಗ್ತದ ಆಯಿ? ನೀವ ಹೇಳ್ರಿ."

ಅಷ್ಟರಲ್ಲಿ ಡಬ್ಬಿ ಕಾಯುತ್ತಿದ್ದ ಇಬ್ಬರಲ್ಲಿ ಒಬ್ಬಳು, "ಆಯೀ, ಅರಿವಿ ಚೂರು ಎಲ್ಲದ ಬೇ?" ಎಂದು ಕೂಗಿದಳು.

"ಕಟ್ಟಿತ್ತವ್ವಾ! ಯಾವ ಭಾಡ್ಯಾ ತಗದಾನೋ!"

"ಅರಿವಿ ವಿಷಯ ಬ್ಯಾರೆ, ಪಾಳಿ ವಿಷಯ ಬ್ಯಾರೆ," ಎಂದೆ ನಾನು. "ವಿಷಯಾಂತರ ಬ್ಯಾಡ್ರಿ."

ಮುದುಕಿ ಬಸ್ಸೆಂದಳು, ಅದು ಕರುಣೆ ಹುಟ್ಟಿಸುವ ತಂತ್ರ ಎಂದು ತಳ್ಳಿಹಾಕಿದೆ. ಇಷ್ಟು ವರ್ಷದ ರೂಢಿ ಎಂದಳು. ರೂಢಿ ಪುರಾವೆಯಲ್ಲ ಎಂದೆ. ಗಿರಣಿಯ ಸದ್ದಿನ ಮೇಲೆ ದನಿ ಏರಿಸಿ ಏರಿಸಿ ಮಾತಾಡುತ್ತಿದ್ದೆ. ಆ ಹೊತ್ತಿಗೇ ಕರೆಂಟು ಹೋಯಿತು. ಮಷಿನ್ನು ನಿಂತು, ಓಣಿಯ ಆ ತುದಿಯವರೆಗೆ ನನ್ನ ದನಿಯೊಂದೇ ಕೇಳಿಸಿತು:

"ಸಾಕ್ಷಿ ಅದ ನನ್ನ ಕಡೆ!"

ನೀಲಮ್ಮ ಆಯಿ ಬಗ್ಗಿ, ಬೀಸದ ಜೋಳದ ಡಬ್ಬಿಯನ್ನು ತಲೆಗೇರಿಸಿದಳು. ಬಾಗಿಲಿಗೆ ಬಂದು ನಿಂತಿದ್ದ ಜಗದೇವಕ್ಕನಿಗೆ, "ನಿನ್ನ ಗಿರಣ್ಯಾಗ ಪಾಳಿ ಅನ್ನೂದು ಸುಳ್ಳದ ನೋಡವ್ವಾ. ನಿಮ್ಮ ಮಾವ ಹೇಳಿ ಸರಸ್ತಿದ್ದ, ನೀ ಹೇಳದ ಸರಸ್ತಿ," ಎಂದು ನಡೆದುಬಿಟ್ಟಳು. ಇನ್ನಿಬ್ಬರೂ ತಮ್ಮ ಡಬ್ಬಿ ಎತ್ತಿಕೊಂಡು ಅವಳ ಹಿಂದೆ ಹೋದರು. ಕಟ್ಟೆಯ ಮೇಲೆ ಒಂದೇ ಒಂದು ಉಳಿಯಿತು, ಹೊಳೆಯುವ ಸ್ಟೀಲಿನದು.

ನಾನು ಫೋನು ತೆಗೆದೆ. "ಅಕ್ಕಾ, ಇದ್ರಾಗ ನೋಡ್ರಿ. ಸರಿಸೂಕ್ಕಿಂತ ಮೊದ್ಲು ತಗದದ್ದು. ಆಯಿ ಡಬ್ಬಿ ಐದನೇದು. ಈಗ ಓಡಿ ಹೋಗಿ ತೋರಸ್ತೇನಿ, ಎಲ್ಲಾರ ಮುಂದ ಖರೇ ಏನಂತ ಗೊತ್ತಾಗ್ತದ."

ಹುಬ್ಬು, ರೆಪ್ಪೆ ಎಲ್ಲ ಬೆಳ್ಳಗಾಗಿದ್ದ ಜಗದೇವಕ್ಕ ಪರದೆಯ ಕಡೆ ಒಮ್ಮೆ ನೋಡಿದಳು. ಪೂರ್ತಿ ಹನ್ನೊಂದು ಸೆಕೆಂಡು ನೋಡಿದಳು ಎಂದು ಈಗ ನೆನಪಾಗುತ್ತದೆ. ಆಮೇಲೆ, "ಇಡು ಒಳಗ," ಎಂದಳು.

"ಆದ್ರ ಅಕ್ಕಾ..."

"ಗೆದ್ದು ಏನು ಮಾಡ್ತಿ ತಮ್ಮಾ? ನನಗ ಆಕಿ ಡಬ್ಬಿ ಬೇಕು. ಮುಂದಿನ ಸಂತಿಗಿ ಹೋಗಿ, ನಾ ಮುಟ್ಟಿದೆ, ಅಕ್ಕಂದೇನೂ ತಪ್ಪಿಲ್ಲ ಅಂತ ಹೇಳಿ ಬಾ. ಇಲ್ಲಾಂದ್ರ ಈ ಕಟ್ಟಿ ಮ್ಯಾಲ ನಾ ಒಬ್ಬಾಕಿನ ಕೂಡಬೇಕಾಗ್ತದ."

ಹೋದೆ. ಹೇಗೆ ಹೋದೆನೆಂದರೆ, ಗೆದ್ದ ಪ್ರಕರಣವನ್ನು ದೊಡ್ಡ ಮನಸ್ಸಿನಿಂದ ಬಿಟ್ಟುಕೊಡುವ ವಕೀಲನ ಹಾಗೆ ಹೋದೆ. ಬದನೆಕಾಯಿ ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತು, "ಆಯಿ, ಡಬ್ಬಿ ಸರಿಸಿದ್ದು ನಾನ. ಅಕ್ಕಗ ಗೊತ್ತಿಲ್ಲ. ತಪ್ಪಾತು. ಆದ್ರ ನಿಮ್ಮದು ಐದನೇದಿತ್ತು," ಎಂದೆ.

ಆಯಿ ತಕ್ಕಡಿ ಕೆಳಗಿಟ್ಟಳು. "ತಪ್ಪಾತು ಅನ್ನಾಕ ಬಂದಿಯೋ, ಎಣಿಸಾಕ ಬಂದಿಯೋ?" ಸುತ್ತಲಿನವರು ಗೊಳ್ಳೆಂದರು. ಆಮೇಲೆ ಒಂದು ಹಿಡಿ ಬದನೆಕಾಯಿ ನನ್ನ ಚೀಲಕ್ಕೆ ಹಾಕಿ, "ನಿಮ್ಮ ಅವ್ವಗ ಕೊಡು. ದಿನಾ ನಿನ್ನ ಸಂಗಾಟ ಹೆಂಗಿರ್ತಾಳೋ ಪಾಪ," ಎಂದಳು. ಅದೇ ಮಧ್ಯಾಹ್ನ ತಗಡಿನ ಡಬ್ಬಿ ಕಟ್ಟೆಗೆ ಮರಳಿ ಬಂತು. ಅದರ ಹಿಂದೆ ಉಳಿದ ಎರಡೂ ಬಂದವು. ವಿಡಿಯೋವನ್ನು ಹೊಸದಾಗಿ ಮಾಡಿದೆ, ಅಂದಗೇಡಿ ಸಾಲಿನೊಂದಿಗೇ. ಗಿರಣಿ ಈಗ ಚೆನ್ನಾಗಿ ನಡೆದಿದೆ.

ಆ ಹನ್ನೊಂದು ಸೆಕೆಂಡನ್ನು ಮಾತ್ರ ಅಳಿಸಲಿಲ್ಲ. ಫೋನು ಬದಲಾಯಿತು, ಅದನ್ನು ಹೊಸದಕ್ಕೆ ದಾಟಿಸಿದೆ. ಯಾರಾದರೂ ನನ್ನನ್ನು ಮೊಂಡ ಎಂದ ದಿನ, ಅಥವಾ ಹೊರಗೆಲ್ಲೋ ವಾದದಲ್ಲಿ ಸೋತು ಬಂದ ದಿನ, ಅದನ್ನು ತೆರೆದು ಎಣಿಸುತ್ತಿದ್ದೆ. ಒಂದು, ಎರಡು, ಮೂರು, ನಾಲ್ಕು, ತಗಡಿನದು ಐದು. ಸಮಾಧಾನವಾಗುತ್ತಿತ್ತು.

ಈಗ ಇವತ್ತಿನ ಬೆಳಗಿಗೆ ಬನ್ನಿ. ಗಿರಣಿಗೆ ಹೋದಾಗ ನನ್ನದು ಆರನೆಯ ಡಬ್ಬಿ. ಹತ್ತರ ಬಸ್ಸಿಗೆ ಜೇವರ್ಗಿಗೆ ಹೋಗಬೇಕು, ಅಲ್ಲೊಂದು ಮಹಿಳಾ ಸಂಘದ ಶೂಟಿಂಗ್ ಇದೆ ಎಂದೆ. ಜಗದೇವಕ್ಕ ಗೂಟಕ್ಕೆ ತೂಗುಹಾಕಿದ್ದ ಚೂರುಗಳಲ್ಲಿ ಒಂದನ್ನು ಎಳೆದು ನನ್ನ ಡಬ್ಬಿಯ ಹಿಡಿಕೆಗೆ ಕಟ್ಟಿದಳು, ಆಗಲೇ ಹೇಳಿದ ಆ ಮಾತು ಹೇಳಿದಳು, ಹೆಂಗಸರು ನಕ್ಕರು. ಡಬ್ಬಿ ಇದ್ದಲ್ಲೇ ಇತ್ತು, ಆರನೆಯದಾಗಿ. ಆದರೆ ಮುಂದೆ ಬೀಸಿದ್ದು ಅದನ್ನೇ. ಯಾರೂ ಅಡ್ಡಿ ಹೇಳಲಿಲ್ಲ. "ಅರಿವಿ ಕಟ್ಟೇದ. ಬಸ್ಸಿನ ಡಬ್ಬಿ ಅದು," ಎಂದಳು ಒಬ್ಬಳು, ಅದರಲ್ಲೇನು ಕೇಳುವುದು ಎಂಬಂತೆ.

ಬಸ್ಸು ಊರು ದಾಟಿದ ಮೇಲೆ ಫೋನು ತೆರೆದೆ. ಈ ಸಲ ಎಣಿಸಲಿಲ್ಲ. ಐದನೆಯ ಡಬ್ಬಿಯ ಹಿಡಿಕೆಯನ್ನೇ ನೋಡಿದೆ. ಹಸಿರು ಸೀರೆಯ ಚೂರೊಂದು ಗಟ್ಟಿಯಾಗಿ ಗಂಟು ಹಾಕಿಕೊಂಡು ಕುಳಿತಿತ್ತು. ಹತ್ತನೆಯ ಸೆಕೆಂಡಿಗೆ ಚೌಕಟ್ಟಿನ ಬಲಗಡೆಯಿಂದ ಒಂದು ಕೈ ಬರುತ್ತದೆ. ಕೈಗೆ ನನ್ನ ಗಡಿಯಾರವಿದೆ. ಅದು ಗಂಟನ್ನು ಎರಡು ಬೆರಳಿನಲ್ಲಿ, ಹೊಲಸು ಮುಟ್ಟಿದ ಹಾಗೆ ಹಿಡಿದು, ಬಿಚ್ಚಿ, ಎಳೆಯುತ್ತದೆ. ಅಲ್ಲಿಗೆ ಚಿತ್ರ ಮುಗಿಯುತ್ತದೆ.

ನೂರು ಸಲ ನೋಡಿದ್ದೇನೆ. ಪ್ರತಿ ಸಲ ಐದಕ್ಕೆ ಎಣಿಕೆ ನಿಲ್ಲಿಸಿ, ಗೆದ್ದ ಖುಷಿಯಲ್ಲಿ ಪರದೆಯಿಂದ ಕಣ್ಣು ಸರಿಸಿಬಿಟ್ಟಿದ್ದೇನೆ. ಸಾಕ್ಷಿ ನನ್ನ ಕಡೆ ಇದ್ದದ್ದು ನಿಜ, ಎರಡು ವರ್ಷ ನನ್ನ ಜೇಬಿನಲ್ಲೇ ಇತ್ತು. ಜಗದೇವಕ್ಕ ಒಂದೇ ಸಲ ನೋಡಿ, ಇಡು ಒಳಗ, ಎಂದಿದ್ದಳು. ಆಕೆ ಮರ್ಯಾದೆ ಉಳಿಸಿದ್ದು ಮುದುಕಿಯದು ಎಂದು ನಾನು ಇಷ್ಟು ದಿನ ತಿಳಿದುಕೊಂಡಿದ್ದೆ.

ನೀಲಮ್ಮ ಆಯಿ ಈಗಲೂ ಸಂತೆಗೆ ಬರುತ್ತಾಳೆ. ಈಗ ಕಣ್ಣು ಮಂಜು. ಬದನೆಕಾಯಿಯನ್ನು ಬೆರಳಿನಿಂದ ಒತ್ತಿ ಆರಿಸುತ್ತಾಳೆ. ಮುಂದಿನ ಸಂತೆಗೆ ಹೋಗಬೇಕು. ಕುಕ್ಕರಗಾಲಲ್ಲಿ ಕುಳಿತು, "ಆಯಿ, ಅರಿವಿ ತಗದ ಭಾಡ್ಯಾ ನಾನ," ಎನ್ನಬೇಕು. ನಾಲಿಗೆಯ ತುದಿಗೆ ಒಂದು "ಆದ್ರ" ಬಂದೇ ಬರುತ್ತದೆ, ನನಗೆ ನನ್ನ ಪರಿಚಯವಿದೆ. ಅಷ್ಟರೊಳಗೆ ಎದ್ದುಬಿಡಬೇಕು.

ಜೇವರ್ಗಿ ಬಂತು. ನಿಲ್ದಾಣದಲ್ಲಿ ನಿಂತಿದ್ದ ತಂಗಿ ಡಬ್ಬಿಗೆ ಕೈ ಚಾಚಿ, "ಏನಣ್ಣಾ ಇದು ಚಿಂದಿ? ತಗದೊಗಿ," ಎಂದಳು.

"ಇರಲಿ ಬೇ," ಎಂದೆ. "ಮನಿ ಮುಟ್ಟೂ ತನಕ ಇರಲಿ."