ಪಾರ್ಲಿನ್‌ನ ಬಲಗೈ, ಹತ್ತೊಂಬತ್ತು ಹೆಸರು

ಕಂಪ್ಯೂಟರ್ ಮುಂದೆ ಕೂತು ದುಡಿಯುವವರಿಗೂ ಪೈಪಿನೇಟು ಬೀಳುತ್ತದೆ. ಗೊತ್ತಿಲ್ಲ ಅನ್ನಬೇಡಿ, ಜನರನ್ನು ಕೂಡಿಹಾಕಿ ಆನ್‌ಲೈನ್ ಮೋಸ ಮಾಡಿಸುವ ಆ ಕಟ್ಟಡಗಳ ಸುದ್ದಿ ನೀವೂ ಓದಿದ್ದೀರಿ. ಕಾಂಬೋಡಿಯಾದ ಸಿಹಾನೂಕ್‌ವಿಲ್‌ನ ಅಂಥದೊಂದರಲ್ಲಿ ನಾನು ಹದಿನಾಲ್ಕು ತಿಂಗಳು ಇದ್ದೆ. ಪಕ್ಕದ ಕುರ್ಚಿ ತಿಯುರ್ಮಾಳದು.

ಇಂಡೋನೇಷ್ಯಾದ ಸುಮಾತ್ರದಲ್ಲಿರುವ ಬಾಲಿಗೆ ಎಂಬ ಊರಿನ ಹೆಂಗಸು, ಮೂವತ್ತೊಂದು ವಯಸ್ಸು. ಒಳ್ಳೆ ಕೆಲಸವೆಂದು ನಂಬಿ ಬಂದವಳು. ಪಾಸ್‌ಪೋರ್ಟ್ ಕಿತ್ತುಕೊಂಡ ಮೇಲೆ ನಾವು ಹದಿನೆಂಟು ಜನ ನಕಲಿ ಬ್ಯಾಂಕ್ ಜಾಲತಾಣಗಳ ಕೋಡ್ ಬರೆಯುತ್ತಿದ್ದೆವು. ಕೋಡಿನ ಯಾವ ಸಾಲನ್ನು ಯಾರು ಬರೆದರೆಂದು ಗಿಟ್ ಎಂಬ ಸಾಧನ ನೆನಪಿಟ್ಟಿರುತ್ತದೆ. ಮೇಸ್ತ್ರಿ ಜೊಂಗಿ, ಅವನೂ ನಮ್ಮ ಸುಮಾತ್ರದವನೇ, ಬೆಳಿಗ್ಗೆ ಬಂದು ಕೆಟ್ಟ ಸಾಲಿನ ಮೇಲೆ 'ಬ್ಲೇಮ್' ಕಮಾಂಡ್ ಹೊಡೆಯುತ್ತಿದ್ದ. ಬಂದ ಹೆಸರಿಗೆ ಹತ್ತೇಟು.

ಗಿಟ್‌ಗೆ ನಮ್ಮದೇ ಕಮಾಂಡ್ ಸೇರಿಸಬಹುದು. ಸ್ಕ್ರಿಪ್ಟ್ ಎಂಬ ಪುಟ್ಟ ಪ್ರೋಗ್ರಾಮಿಗೆ ಗಿಟ್, ಅಡ್ಡಗೆರೆ, ಆಮೇಲೊಂದು ಹೆಸರು ಕೊಟ್ಟು ಎಲ್ಲ ಯಂತ್ರಗಳೂ ನೋಡುವ ಫೋಲ್ಡರಿಗೆ ಹಾಕಿದರಾಯಿತು. ಯಾವ ಸಾಲು ಕೇಳಿದರೂ ಎಲ್ಲರ ಹೆಸರೂ ಬರುವಂತೆ ತಿಯುರ್ಮಾ ಬರೆದಳು. ಆ ಸ್ಕ್ರಿಪ್ಟಿನ ಹೆಸರು ಮಾತ್ರ 'ಬ್ಲೇಮ್' ಎಂದೇ ಇಟ್ಟಳು. ಎಡವಿದ್ದು ಅಲ್ಲೇ. ತನ್ನೊಳಗೆ ಮೊದಲೇ ಇರುವ ಹೆಸರಿನಲ್ಲಿ ಹೊರಗಿನವರು ಏನು ಬರೆದಿಟ್ಟರೂ ಗಿಟ್ ತಿರುಗಿಯೂ ನೋಡುವುದಿಲ್ಲ. ಸೋಮವಾರ ನಮ್ಮ ಸಾಲಿನಲ್ಲೇ ಕೂರುತ್ತಿದ್ದ ಪಾರ್ಲಿನ್ ಒಬ್ಬನ ಹೆಸರೇ ಬಂತು. ಜೊಂಗಿಯ ಪೈಪಿಗೆ ಅವನ ಎಡ ಮಣಿಕಟ್ಟು ಮುರಿದ ಸದ್ದನ್ನು ನಾವೆಲ್ಲ ಕೇಳಿದೆವು.

"ಇನ್ನೊಂದ್ಸಲ ಬಂದ್ರೆ ಬಲಗೈ," ಅಂದ ಜೊಂಗಿ. "ಆಮೇಲೆ ಮೂಗಲ್ಲಿ ಟೈಪ್ ಮಾಡ್ಕೊ."

"ನನ್ನಿಂದಾಯ್ತು, ಇತೊ," ಎಂದಳು ತಿಯುರ್ಮಾ. ನಮ್ಮ ಬಾತಕ್ ಹೆಂಗಸರು ಅಣ್ಣತಮ್ಮಂದಿರನ್ನು ಕರೆಯುವುದೇ ಹಾಗೆ.

"ಬಲಗೈ ಉಳ್ಸು ಸಾಕು. ಅನ್ನ ತಿನ್ನೋ ಕೈ ಅದು," ಎಂದ ಪಾರ್ಲಿನ್.

ಮಾರನೆಯ ಬೆಳಿಗ್ಗೆ ಅವಳೇ ಜೊಂಗಿಯ ಬಳಿ ಹೋದಳು. "ಅಣ್ಣಾ, ನಮ್ ಭಾಷೇಲೇ ಕಮಾಂಡ್ ಮಾಡಿದೀನಿ. 'ಗಿಟ್ ಸಿಯಾಪಾ' ಅಂತ ಹೊಡಿ, ಯಾರು ಅಂತ ತಾನೇ ಹೇಳತ್ತೆ."

ಸಿಯಾಪಾ ಎಂದರೆ 'ಯಾರು'; ಗಿಟ್‌ನೊಳಗೆ ಮೊದಲಿಂದ ಇಲ್ಲದ ಹೆಸರು. ಜೊಂಗಿ ಸೋಮಾರಿ, ನಂಬಿದ. ಗುರುವಾರ ಪಾರ್ಲಿನ್‌ನ ಸಾಲು ಮತ್ತೆ ಕೆಟ್ಟಿತು. ಜೊಂಗಿ 'ಗಿಟ್ ಸಿಯಾಪಾ' ಹೊಡೆದ; ಅವನ ಹಿಂದೆ ಕಟ್ಟಡದ ಮಾಲೀಕ ನಿಂತಿದ್ದ. ತೆರೆಯ ಮೇಲೆ ಹದಿನೆಂಟು ಹೆಸರು ಬಂದವು. ಹತ್ತೊಂಬತ್ತನೆಯದು ಜೊಂಗಿಯದೇ.

"ನಿನ್ನಿಂದಾನೇ ಶುರು ಮಾಡೋಣ್ವಾ?" ಮಾಲೀಕ ನಕ್ಕ.

ಹಳೆಯ 'ಬ್ಲೇಮ್' ಕಮಾಂಡ್ ಇದ್ದೇ ಇತ್ತು, ಅದನ್ನು ಹೊಡೆದಿದ್ದರೆ ಪಾರ್ಲಿನ್ ಸಿಕ್ಕಿಬೀಳುತ್ತಿದ್ದ. ಜೊಂಗಿಗೆ ತನ್ನ ಹೆಸರು ಬಿಟ್ಟು ಬೇರೇನೂ ಕಾಣಲಿಲ್ಲ. ಪೈಪನ್ನು ತಿಯುರ್ಮಾಳ ಬಾಯಿಗೆ ಬೀಸಿದ. ಮೂರು ಹಲ್ಲು ಕೀಬೋರ್ಡಿನ ಮೇಲೆ ಬಿದ್ದವು.

"ಬೊಗಳು, ಯಾರ್ ಸಾಲು ಅದು?"

ಅವಳು ರಕ್ತ ಉಗಿದಳು. "ಅಲ್ಲೇ ಇದೆಯಲ್ಲ ಅಣ್ಣಾ. ಓದು."

ಎಲ್ಲರ ಕೈ ಮುರಿದರೆ ಕೆಲಸ ನಿಲ್ಲುತ್ತದೆ. ಮಾಲೀಕನೇ ಪೈಪು ಕಸಿದುಕೊಂಡ.

ಅಲ್ಲಿಂದ ಹೊರಬಂದ ಪಾರ್ಲಿನ್ ಇಂದು ಊರಲ್ಲಿ ಬಲಗೈಯಿಂದ ಉಣ್ಣುತ್ತಾನೆ. ತಿಯುರ್ಮಾ ಗಂಜಿ ಕುಡಿಯುತ್ತಾಳೆ.

ನಿಮ್ಮ ಕಚೇರಿಯಲ್ಲಿ ಪೈಪಿಲ್ಲ, ಮೀಟಿಂಗ್ ಇದೆ. ನಾಳೆ ಅಲ್ಲಿ 'ಇದು ಯಾರ ಸಾಲು' ಎಂದು ಬಾಯಿ ತೆರೆಯುವ ಮುನ್ನ ಪಟ್ಟಿಯಲ್ಲಿ ನಿಮ್ಮ ಹೆಸರನ್ನೂ ಬರೆಯಿರಿ.